ಸೆಂಟರ್‌ನಲ್ಲಿ ಯಾವ ಸ್ಟೂಡೆಂಟು?

ಹೋದ ಡಿಸೆಂಬರ್‌ನಲ್ಲಿ ನನ್ನನ್ನು ಟ್ಯೂಷನ್ ಬಿಡಿಸಿದರು.

ನೀವು ತಪ್ಪು ಓದಿಲ್ಲ. ಹುಡುಗರನ್ನು ಟ್ಯೂಷನ್ ಬಿಡಿಸುವುದು ಮಾಮೂಲು. ಇಲ್ಲಿ ಬಿಡಿಸಿದ್ದು ಟೀಚರನ್ನು. ಕಾರಣ ಏನು? ಪಾಠ ಅರ್ಥವಾಗುತ್ತಿಲ್ಲ ಅಂತಲ್ಲ. ಅರ್ಥವಾಗಬಾರದವರಿಗೆ ಅರ್ಥವಾಗಿಬಿಟ್ಟಿತು ಅಂತ.

ಇಷ್ಟು ದಿನ ಇದನ್ನು ಬರೆಯಲಿಲ್ಲ. ಬರೆಯುವಂಥದ್ದೇನೂ ಅಲ್ಲ, ಒಂದು ಮನೆ ಹೋದರೆ ಇನ್ನೊಂದು ಮನೆ ಅಂದುಕೊಂಡು ಸುಮ್ಮನಿದ್ದೆ. ಆದರೆ ಈ ವಾರ ಬಂದ ಒಂದು ಫೋನ್ ಕಾಲ್ ಸುಮ್ಮನಿರಲು ಬಿಡುತ್ತಿಲ್ಲ.

ಇಲ್ಲಿ ಬರೆಯುವುದು ನನ್ನ ಚಟ, ಹೊಟ್ಟೆಪಾಡು ಬೇರೆ. ಚಳ್ಳಕೆರೆಯಲ್ಲಿ ನಮ್ಮ ಮನೆಯ ಹಾಲ್‌ನಲ್ಲೇ ಪಿಯುಸಿ ಹುಡುಗರಿಗೆ ಮ್ಯಾಥ್ಸು, ಫಿಸಿಕ್ಸು ಹೇಳಿಕೊಡುತ್ತೇನೆ. ನನ್ನ ಪದ್ಧತಿ ದೊಡ್ಡದೇನಲ್ಲ. ಚಾಕ್‌ಪೀಸು ನನ್ನ ಕೈಯಲ್ಲಿರುವುದಿಲ್ಲ, ಹುಡುಗರ ಕೈಯಲ್ಲಿರುತ್ತದೆ. ನಾನು ಚಾಪೆ ಮೇಲೆ ಕೂತು ಕೇಳುತ್ತೇನೆ. ಇದೇನು? ಯಾಕೆ? ಹಾಗಾದರೆ ಮುಂದೆ? ತಪ್ಪು ಬರೆದರೆ ಒರೆಸಲು ಬಿಡುವುದಿಲ್ಲ. ಆ ತಪ್ಪನ್ನೇ ಹಿಡಿದುಕೊಂಡು ಮುಂದೆ ಹೋಗಿ ಅನ್ನುತ್ತೇನೆ. ಹೋಗ್ತಾ ಹೋಗ್ತಾ ಕಲ್ಲಿನ ತೂಕ ಮೈನಸ್‌ನಲ್ಲಿ ಬರುತ್ತದೆ. ಇಲ್ಲವೇ ಬಸ್ಸು ಹೊರಡುವ ಮೊದಲೇ ಊರು ಸೇರಿರುತ್ತದೆ. ಆಗ ಅವರಿಗೇ ನಗು ಬರುತ್ತದೆ. ನಕ್ಕ ಮೇಲೆ ಆ ತಪ್ಪನ್ನು ಅವರು ಮತ್ತೆ ಮಾಡುವುದು ಕಷ್ಟ.

ಇದಕ್ಕೆ ಬಿ.ಎಡ್. ಪುಸ್ತಕದಲ್ಲಿ 'ವಿದ್ಯಾರ್ಥಿ ಕೇಂದ್ರಿತ ಬೋಧನೆ' ಅಂತ ಹೆಸರು. ಈಗಂತೂ ಸ್ಕೂಲುಗಳ ಬಣ್ಣಬಣ್ಣದ ಪಾಂಪ್ಲೆಟ್‌ಗಳಲ್ಲೂ 'ಸ್ಟೂಡೆಂಟ್ ಸೆಂಟರ್ಡ್' ಇದ್ದೇ ಇರುತ್ತದೆ. (ಎಸಿ ಬಸ್ಸು, ಸಿಸಿ ಕ್ಯಾಮೆರಾ, ಸ್ಟೂಡೆಂಟ್ ಸೆಂಟರ್ಡ್. ಅದೇ ಆರ್ಡರ್‌ನಲ್ಲಿ.)

ಮೊಳಕಾಲ್ಮೂರಿನ ವೀರಣ್ಣನವರು ನನಗೆ ಫೋನ್ ಮಾಡಿದ್ದೂ ಆ ಪದ ಕೇಳಿಯೇ.

"ಮೇಡಮ್ಮೋರೆ, ನೀವು ಸ್ಟೂಡೆಂಟ್ ಸೆಂಟರ್ ಅಂತೆ?"

"ಹಾಗಂತಾರೆ."

"ನಮ್ಮ ಹುಡುಗನ್ನ ಒಂದೀಟು ಸೆಂಟರ್‌ನಾಗೆ ಇಟ್ಕಂಡು ಹೇಳಿಕೊಡ್ರಿ. ಫಸ್ಟ್ ಪಿಯುಸಿ ಸೈನ್ಸು. ಹೋದ ವರ್ಷ ಡುಮ್ಕಿ ಹೊಡ್ದ್ಬಿಟ್ಟ."

ವೀರಣ್ಣನವರದು ಶೇಂಗಾ ವ್ಯಾಪಾರ. ಅಂಗಡಿ ರಾಂಪುರದಲ್ಲಿ, ಮನೆ ಮೊಳಕಾಲ್ಮೂರಿನಲ್ಲಿ. ಮಾತು ಮೃದು, ಹಣೆ ತುಂಬ ವಿಭೂತಿ, ಯಾರು ಬಂದರೂ ಎದ್ದು ನಿಂತು ಮಾತಾಡಿಸುವ ಮನುಷ್ಯ. ಮೊಳಕಾಲ್ಮೂರಿಗೆ ನನ್ನದೊಂದು ಓಡಾಟ ಮೊದಲಿನಿಂದಲೂ ಇತ್ತು. ಸರಿ, ವಾರಕ್ಕೆರಡು ದಿನ ಬರ್ತೀನಿ ಅಂದೆ.

ಮೊದಲ ದಿನ ಹೋದಾಗ ಹಾಲ್‌ನಲ್ಲಿ ಎಲ್ಲ ಸಿದ್ಧವಾಗಿತ್ತು. ಹೊಸ ಬೋರ್ಡು, ಹೊಸ ಟೇಬಲ್ಲು, ಫ್ಯಾನಿನ ಸರಿಯಾಗಿ ಕೆಳಗೆ ಒಂದು ಕುರ್ಚಿ. ಕುರ್ಚಿಯಲ್ಲಿ ಪ್ರಜ್ವಲ್. ಎತ್ತರದ ಹುಡುಗ. ಕೂತಿದ್ದ ರೀತಿ ನೋಡಿದರೆ ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗಿದ್ದ.

ಚಾಕ್‌ಪೀಸು ಕೊಟ್ಟೆ. ತಗೊಂಡು ಟೇಬಲ್ಲಿನ ಮೇಲಿಟ್ಟ.

"ನೀವೇ ಹೇಳ್ಬಿಡ್ರಿ ಮೇಡಂ. ಬರ್ಕಂತೀನಿ."

"ಬರ್ಕಂಡು?"

"ಬಾಯಿಪಾಠ ಮಾಡ್ತೀನಿ."

"ಹೋದ ವರ್ಷ ಹಂಗೇ ಮಾಡಿದ್ದಾ?"

ಹೂಂ ಅಂದ. ನಂತರ ಅವನಿಗೇ ಏನೋ ಹೊಳೆದು ಕಿಸಕ್ಕನೆ ನಕ್ಕ. ನನಗೆ ಜೀವ ಬಂತು. ನಗುವ ಹುಡುಗ ಕಲಿಯುತ್ತಾನೆ. ಇವನು ದಡ್ಡನಲ್ಲ, ಹೆದರಿದವನು. ಎರಡಕ್ಕೂ ಇರುವ ವ್ಯತ್ಯಾಸ ಹುಡುಕುವಷ್ಟು ವ್ಯವಧಾನ ಯಾರಿಗಿದೆ?

ಎರಡನೇ ವಾರ ಇರಬೇಕು. ಮೇಲಕ್ಕೆಸೆದ ಕಲ್ಲಿನ ಲೆಕ್ಕ. ಕಲ್ಲು ಮೇಲೆ ಹೋಗಿ ತುದಿ ಮುಟ್ಟಿದಾಗ ಅದರ ವೇಗ ಎಷ್ಟು? ಪ್ರಜ್ವಲ್ ಸೊನ್ನೆ ಅಂತ ಬರೆದ. ಸರಿ. ಆಗ ಅದರ ಅಕ್ಸಲರೇಷನ್ ಎಷ್ಟು? ಅದಕ್ಕೂ ಸೊನ್ನೆ ಬರೆದ.

"ಗ್ಯಾರಂಟಿನಾ?"

"ನಿಂತ್ಬಿಟ್ಟೈತಲ್ಲ ಮೇಡಂ. ನಿಂತ ಮೇಲೆ ಎಲ್ಲಾ ಸೊನ್ನೆನೇ."

ಕಾಲೇಜು ಹುಡುಗರಲ್ಲಿ ಮುಕ್ಕಾಲು ಪಾಲು ಹೀಗೇ ಬರೆಯುತ್ತಾರೆ. ನಾನು ಮುಂದಿನ ಪ್ರಶ್ನೆ ಕೇಳಬೇಕು, ಅಷ್ಟರಲ್ಲಿ ಅಡುಗೆಮನೆ ಬಾಗಿಲಿನಿಂದ ಒಂದು ದನಿ ಬಂತು.

"ಎಲ್ಲಾ ಸೊನ್ನೆ ಆದ್ರೆ ಅದು ಅಲ್ಲೇ ನಿಂತಿರ್ಬೇಕಿತ್ತಲ್ಲ ಅಣ್ಣ? ಕೆಳಗ್ಯಾಕೆ ಬಂತು?"

ನಾನು ಕೇಳಬೇಕೆಂದಿದ್ದ ಪ್ರಶ್ನೆ ಅದೇ.

ತಿರುಗಿ ನೋಡಿದರೆ ಒಂದು ಹುಡುಗಿ. ಕೈಯಲ್ಲಿ ನನ್ನ ಕಾಫಿ ಲೋಟ. ಪ್ರಜ್ವಲನ ತಂಗಿ ಭವ್ಯ. ಅವನಿಗಿಂತ ಒಂದು ವರ್ಷ ಚಿಕ್ಕವಳು. ಅಣ್ಣ ಫೇಲಾಗಿ ಅಲ್ಲೇ ನಿಂತಿದ್ದರಿಂದ ಈಗ ಇಬ್ಬರೂ ಒಂದೇ ಕ್ಲಾಸು, ಒಂದೇ ಕಾಲೇಜು, ಅದೇ ಸೈನ್ಸು, ಅದೇ ಪುಸ್ತಕ. ಮನೆಗೆ ಬಂದ ಮೇಲೆ ಮಾತ್ರ ಒಬ್ಬನಿಗೆ ಟ್ಯೂಷನ್ನು, ಒಬ್ಬಳಿಗೆ ಕಾಫಿ ಲೋಟ. ಎರಡು ವಾರದಿಂದ ಹೋಗಿ ಬರುತ್ತಿದ್ದರೂ ಈ ವಿಷಯ ಆ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಮುಚ್ಚಿಟ್ಟಿದ್ದಲ್ಲ. ಹೇಳಬೇಕು ಅಂತ ಯಾರಿಗೂ ಅನಿಸಿರಲಿಲ್ಲ, ಅಷ್ಟೇ.

"ಭವ್ಯಾ, ಇಟು ರಾ!" ಒಳಗಿಂದ ತಾಯಿ ಶಾಂತಮ್ಮ ಕರೆದರು. ಅವರ ತವರು ರಾಯದುರ್ಗದ ಕಡೆ. ಸಿಟ್ಟು, ಗಾಬರಿ, ಪ್ರೀತಿ ಎಲ್ಲ ತೆಲುಗಿನಲ್ಲೇ.

"ಇವಳೂ ಕೂತ್ಕಳ್ಳಲಿ ಬಿಡ್ರಿ ಶಾಂತಮ್ಮ" ಅಂದೆ.

ಶಾಂತಮ್ಮ ಬಾಗಿಲಿಗೆ ಬಂದರು. ಮಗಳನ್ನು ನೋಡಿದರು. ನಂತರ ಬೀದಿ ಕಡೆ ನೋಡಿದರು.

"ಅವ್ರು ಅಂಗಡಿಯಿಂದ ಬರಾ ಹೊತ್ತಿಗೆ ಎದ್ದು ಬಂದ್ಬಿಡ್ಬೇಕು ನೋಡ್ರಿ, ಅಷ್ಟೇ."

ಹಾಗೆ ಶುರುವಾಯಿತು. ವೀರಣ್ಣನವರ ಬೈಕಿನ ಸದ್ದು ಕೇಳುವವರೆಗೆ ಇಬ್ಬರು ಸ್ಟೂಡೆಂಟ್ಸು. ಸದ್ದು ಕೇಳಿದ ಮೇಲೆ ಒಬ್ಬ.

ಭವ್ಯ ಲೆಕ್ಕವನ್ನು ತುಟಿ ಅಲ್ಲಾಡಿಸಿಕೊಂಡು ತೆಲುಗಿನಲ್ಲಿ ಮಾಡುತ್ತಿದ್ದಳು. ತಾಯಿಯಿಂದ ಬಂದ ಎಣಿಕೆ. ಕಾಲೇಜಿನಲ್ಲಿ ಬೈತಾರೆ ಅಂತ ಬಾಯಿ ಮುಚ್ಚಿಕೊಳ್ಳುತ್ತಿದ್ದಳಂತೆ. ಜೋರಾಗೇ ಮಾಡು ಅಂದೆ. ಆ ಹುಡುಗಿಯ ಸ್ಪೀಡು ನೋಡಬೇಕಿತ್ತು ನೀವು.

ನನಗೆ ಹೆಚ್ಚು ಖುಷಿ ಕೊಟ್ಟವನು ಪ್ರಜ್ವಲ್. ನನ್ನ ಹತ್ತಿರ ಕೇಳಲು ನಾಚುತ್ತಿದ್ದ ಪ್ರಶ್ನೆಗಳನ್ನೆಲ್ಲ ತಂಗಿಯ ಹತ್ತಿರ ಧಾರಾಳವಾಗಿ ಕೇಳುತ್ತಿದ್ದ. "ಲೇ ಭವ್ಯಾ, ಈ ಸೈನ್ ಕಾಸ್ ಯಾಕೆ ಬೇಕೇ?" ಅವಳು ಹೇಳುತ್ತಿದ್ದಳು. ಗೊತ್ತಾಗಲಿಲ್ಲ ಅಂದರೆ ಇನ್ನೊಂದು ಥರ ಹೇಳುತ್ತಿದ್ದಳು. ನಾನು ಚಾಪೆ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದೆ. (ನಿಜವಾಗಿಯೂ. ಆ ಮನೆಯಲ್ಲಿ ಹುರಿದ ಶೇಂಗಾಕ್ಕೇನೂ ಕೊರತೆ ಇರಲಿಲ್ಲ.) ಟೀಚರ್ ಬೇಡವಾಗುತ್ತಾ ಹೋಗುವುದೇ ಒಳ್ಳೆ ಪಾಠದ ಗುರುತು ಅಂತ ನಂಬಿದವಳು ನಾನು. ಬೇಡವಾಗುವ ರೀತಿಯಲ್ಲೂ ಬೇರೆ ಬೇರೆ ಇರುತ್ತದೆ ಅಂತ ಆಗ ಹೊಳೆದಿರಲಿಲ್ಲ.

ಮಿಡ್ ಟರ್ಮ್ ರಿಸಲ್ಟ್ ಬಂತು. ಪ್ರಜ್ವಲ್ ಎಲ್ಲ ಸಬ್ಜೆಕ್ಟಿನಲ್ಲೂ ಪಾಸು, ಫಿಸಿಕ್ಸ್‌ನಲ್ಲಿ ಒಳ್ಳೆಯ ಮಾರ್ಕ್ಸು. ವೀರಣ್ಣನವರು ಫೋನಿನಲ್ಲಿ ಗದ್ಗದ. "ಮೇಡಮ್ಮೋರೆ, ನಮ್ಮನೆ ಮರ್ಯಾದೆ ಉಳಿಸಿದ್ರಿ."

ಭವ್ಯಳದು? ಅವರು ಹೇಳಲಿಲ್ಲ. ಪ್ರಜ್ವಲ್ ಹೇಳಿದ. ಫಿಸಿಕ್ಸು, ಮ್ಯಾಥ್ಸು ಎರಡರಲ್ಲೂ ಇಡೀ ಕ್ಲಾಸಿಗೆ ಅವಳೇ ಫಸ್ಟು.

ಒಂದು ಮನೆಯಲ್ಲಿ ಇಬ್ಬರು ಮಕ್ಕಳೂ ಗೆದ್ದರೆ ಹಬ್ಬ ಆಗಬೇಕಲ್ಲವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಡಿಸೆಂಬರಿನ ಒಂದು ಭಾನುವಾರ. ಪಾಠ ಟಾರ್ಕ್ ಬಗ್ಗೆ, ಅಂದರೆ ತಿರುಗಿಸುವ ಬಲ. ಬೋರ್ಡಿನ ಮೇಲೆ ಎಷ್ಟು ಬರೆದರೂ ಪ್ರಜ್ವಲ್‌ಗೆ ಹಿಡಿಯಲಿಲ್ಲ. ಭವ್ಯ ಎದ್ದು ಮುಂಬಾಗಿಲಿನ ಹತ್ತಿರ ಹೋದಳು. ಅದು ಹೊರಕ್ಕೆ ತೆರೆದುಕೊಳ್ಳುವ ಭಾರದ ಹಳೇ ಬಾಗಿಲು.

"ಅಣ್ಣ ಬಾ ಇಲ್ಲಿ. ಈ ಕೀಲಿನ ಹತ್ರ ಒಂದೇ ಬೆರಳಲ್ಲಿ ಒತ್ತು."

ಒತ್ತಿದ. ಬಾಗಿಲು ಅಲ್ಲಾಡಲಿಲ್ಲ. ಮುಖ ಕೆಂಪಗಾಗುವವರೆಗೆ ಒತ್ತಿದ.

"ಈಗ ಈ ತುದೀಲಿ ಒತ್ತು. ಕಿರುಬೆರಳು ಸಾಕು."

ಒತ್ತಿದ. ಬಾಗಿಲು ಸಲೀಸಾಗಿ ತೆರೆದುಕೊಂಡಿತು.

"ಹೌದಲ್ಲೇ! ಅದೇ ಬಲ, ದೂರ ಜಾಸ್ತಿ ಆಯ್ತು!" ಅಂತ ಕೂಗಿದ ಪ್ರಜ್ವಲ್. ತನಗೇ ತಿಳಿದಾಗ ಹುಡುಗರ ಮುಖದಲ್ಲಿ ಬರುವ ಆ ಬೆಳಕಿಗಾಗಿಯೇ ನಾನು ಈ ಕೆಲಸ ಬಿಟ್ಟಿಲ್ಲ.

ತೆರೆದ ಬಾಗಿಲಿನ ಆಚೆ ವೀರಣ್ಣನವರು ನಿಂತಿದ್ದರು. ಆವತ್ತು ಯಾರದೋ ಕಾರಿನಲ್ಲಿ ಬಂದಿದ್ದರು. ಬೈಕಿನ ಸದ್ದಿಲ್ಲ.

ಅವರು ಮಗಳ ಕೈಯಲ್ಲಿದ್ದ ಚಾಕ್‌ಪೀಸು ನೋಡಿದರು. ಚಾಪೆ ಮೇಲಿದ್ದ ನನ್ನನ್ನು ನೋಡಿದರು.

"ಪಾಠ ಯಾರು ಮಾಡ್ತಿರೋದು ಮೇಡಮ್ಮೋರೆ?"

"ಇಬ್ಬರೂ ಸೇರಿ ಮಾಡ್ಕಂತಿದಾರೆ. ಹಂಗೆ ಕಲಿತರೆ ಮರೆಯಲ್ಲ."

"ನಾನು ನಿಮ್ಮನ್ನ ಕರೆಸಿದ್ದು ಯಾರಿಗೆ?"

"ಪ್ರಜ್ವಲ್‌ಗೆ. ಅವನು ಪಾಸಾದನಲ್ಲ."

ವೀರಣ್ಣನವರು ಚಪ್ಪಲಿ ಬಿಟ್ಟು, ಒಳಗೆ ಬಂದು, ಕೂತು, ನೀರು ಕುಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ರಾಂಪುರದಾಗೆ ಅಂಗಡಿ ಮುಂದೆ ನಮ್ಮ ದೋಸ್ತು ಏನಂದ ಗೊತ್ತಾ? ಏನ್ಲೇ ವೀರಣ್ಣ, ಗೊಬ್ಬರ ಒಂದು ಹೊಲಕ್ಕೆ ಹಾಕಿದ್ರೆ ಬೆಳೆ ಇನ್ನೊಂದು ಹೊಲದಾಗೆ ಬಂದೈತಂತೆ ಅಂದ. ಎಲ್ರೂ ನಕ್ರು. ನಾನೂ ನಕ್ಕೆ. ಏನ್ಮಾಡ್ಲಿ?"

"ಎರಡೂ ಹೊಲ ನಿಮ್ಮವೇ ಅಲ್ವೇನ್ರಿ?"

ಪ್ರಜ್ವಲ್ ಧೈರ್ಯ ಮಾಡಿದ. "ಅಪ್ಪಾ, ನಂಗೇನೂ ಬೇಜಾರಿಲ್ಲ. ಭವ್ಯ ಹೇಳಿದ್ರೆ ನಂಗೆ ಬೇಗ ತಿಳಿತೈತೆ."

"ನಿಂಗೆ ಬೇಜಾರಾಗಲ್ಲ ಕಣಲೇ. ಅದೇ ನನ್ನ ಬೇಜಾರು."

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. "ಮಗಳು ಓದ್ಲಿ, ನಾನು ಬ್ಯಾಡ ಅನ್ನಲ್ಲ. ಆದ್ರೆ ತಂಗಿ ಹತ್ರ ಪಾಠ ಹೇಳಿಸ್ಕಂಡು ಪಾಸಾದ ಅಂತ ಊರಾಗೆ ಹೆಸ್ರು ಬಂದ್ರೆ, ನಾಳೆ ಈ ಹುಡುಗ ಅಂಗಡೀಲಿ ಕೂತು ಯಾರ ಮುಂದೆ ಮಾತಾಡ್ತಾನೆ? ನೀವು ಒಳ್ಳೇರು. ಪಾಠನೂ ಚೆನ್ನಾಗೈತೆ. ಇನ್ಮೇಲೆ ತೊಂದ್ರೆ ತಗಾಬ್ಯಾಡ್ರಿ."

ಶಾಂತಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಭವ್ಯ ಚಾಕ್‌ಪೀಸನ್ನು ಟೇಬಲ್ಲಿನ ಮೇಲಿಟ್ಟು, ಬೋರ್ಡು ಒರೆಸಿ ಒಳಗೆ ಹೋದಳು.

ವೀರಣ್ಣನವರು ನನ್ನನ್ನು ತಾವೇ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟರು. ಬಸ್ಸು ಬರುವವರೆಗೆ ನಿಂತರು. ಸೀಟು ಸಿಕ್ಕಿತಾ ಅಂತ ಕಿಟಕಿಯಲ್ಲಿ ಬಗ್ಗಿ ನೋಡಿದರು. ನಮ್ಮ ಕಡೆಯ ಜನ ಅನ್ಯಾಯ ಮಾಡುವಾಗಲೂ ಎಷ್ಟು ಮರ್ಯಾದೆಯಿಂದ ಮಾಡುತ್ತಾರೆ ನೋಡಿ! ಬೈಯಲೂ ಬಾಯಿ ಬರುವುದಿಲ್ಲ. ಬಸ್ಸು ತಳಕು ಊರು ದಾಟುವವರೆಗೆ ನನಗೆ ಅಳು ಬಂದಿರಲಿಲ್ಲ. ಆಮೇಲೆ ಬಂತು.

ಪ್ರಜ್ವಲನನ್ನು ಚಳ್ಳಕೆರೆಯ ಒಂದು ವೀಕೆಂಡ್ ಕೋಚಿಂಗ್‌ಗೆ ಸೇರಿಸಿದರು. ನಮ್ಮ ಮನೆಯ ಹಿಂದಿನ ಬೀದಿಯಲ್ಲೇ. ಒಂದು ಸಂಜೆ ಮಿರ್ಚಿ ಗಾಡಿ ಹತ್ತಿರ ಸಿಕ್ಕಿದ.

"ಹೆಂಗೈತಪ್ಪ ಪಾಠ?"

"ಬರೆಸ್ತಾರೆ ಮೇಡಂ."

"ಪ್ರಶ್ನೆ ಕೇಳ್ತಾರಾ?"

"ಇಲ್ಲ. ಬರೆಸ್ತಾರೆ." ಸುತ್ತ ನೋಡಿ ದನಿ ತಗ್ಗಿಸಿದ. "ಅಪ್ಪ ಅಂಗಡಿಗೆ ಹೋದ್ಮೇಲೆ ಭವ್ಯ ಹತ್ರ ಕೇಳ್ಕಂತೀನಿ. ಹೇಳ್ಬೇಡ್ರಿ."

ಯಾರಿಗೆ ಹೇಳಲಿ? ಕಳ್ಳತನದಿಂದ ಸಿಗರೇಟು ಸೇದುವ ಹುಡುಗರನ್ನು ನೋಡಿದ್ದೇನೆ. ಕಳ್ಳತನದಿಂದ ಫಿಸಿಕ್ಸ್ ಕಲಿಯುವವನನ್ನು ನೋಡಿದ್ದು ಇದೇ ಮೊದಲು.

ಈಗ ಈ ವಾರಕ್ಕೆ ಬರುತ್ತೇನೆ. ಫಸ್ಟ್ ಪಿಯುಸಿ ರಿಸಲ್ಟ್ ಬಂತು. ಮಧ್ಯಾಹ್ನ ಊಟ ಮಾಡುತ್ತಿದ್ದೆ, ಶಾಂತಮ್ಮನ ನಂಬರಿನಿಂದ ಕಾಲ್. ಆ ಕಡೆ ಭವ್ಯ.

"ಮೇಡಂ, ಪಾಸಾದೆ. ಅಣ್ಣ ಫಸ್ಟ್ ಕ್ಲಾಸು."

"ನಿನ್ನದೆಷ್ಟು?"

ಹೇಳಿದಳು. ಅಣ್ಣನಿಗಿಂತ ಕಡಿಮೆ. ಬಹಳ ಅಲ್ಲ, ಸ್ವಲ್ಪ. ಫಿಸಿಕ್ಸ್‌ನಲ್ಲೂ, ಮ್ಯಾಥ್ಸ್‌ನಲ್ಲೂ. ನಾನು ಅನ್ನದ ತಟ್ಟೆ ಪಕ್ಕಕ್ಕಿಟ್ಟೆ.

"ಏನಾಯ್ತಮ್ಮ? ಹುಷಾರಿರಲಿಲ್ವಾ?"

"ಹುಷಾರಿದ್ದೆ. ಬಿಟ್ಟು ಬಂದೆ ಮೇಡಂ."

"ಅಂದ್ರೆ?"

"ನೀವು ಹೋದ ದಿನ ಅಪ್ಪ ಅಂದಿದ್ರು, ಇನ್ನೊಂದ್ಸಲ ಊರಾಗೆ ಅಂಥ ಮಾತು ಕೇಳಿಬಂದ್ರೆ ನಿನ್ನ ಕಾಲೇಜು ಬಿಡಿಸ್ತೀನಿ ಅಂತ. ಅಣ್ಣಂಗಿಂತ ಕಮ್ಮಿ ಬಂದ್ರೆ ಯಾರೂ ಏನೂ ಅನ್ನಲ್ಲ. ಅದಕ್ಕೆ ಕ್ವೆಶ್ಚನ್ ಪೇಪರ್ ಕೊಟ್ಟ ತಕ್ಷಣ ಮೊದ್ಲು ಅಣ್ಣಂಗೆಷ್ಟು ಬರುತ್ತೆ ಅಂತ ಲೆಕ್ಕ ಹಾಕಿದೆ. ಆಮೇಲೆ ನನ್ನದು ಬರೆದೆ."

"ಅವನಿಗೆಷ್ಟು ಬರುತ್ತೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ನಾನೇ ಹೇಳಿಕೊಟ್ಟಿದ್ದಲ್ವಾ ಮೇಡಂ? ಅವನಿಗೆ ಯಾವ್ದು ತಿಳಿದೈತೆ, ಎಲ್ಲಿ ತಪ್ಪು ಮಾಡ್ತಾನೆ, ಎಲ್ಲಾ ಗೊತ್ತು."

ಸ್ಟೂಡೆಂಟ್‌ಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಟೀಚರಿಗೆ ಗೊತ್ತಿರಬೇಕು. ಇಷ್ಟು ವರ್ಷ ನಾನು ಪಟ್ಟ ಪಾಡೆಲ್ಲ ಅದಕ್ಕಾಗಿಯೇ. ನನ್ನ ಅಂದಾಜು ಎಷ್ಟೋ ಸಲ ತಪ್ಪಿದೆ. ಹದಿನಾರು ವರ್ಷದ ಈ ಹುಡುಗಿಯ ಅಂದಾಜು ತಪ್ಪಲಿಲ್ಲ. ಆ ವಿದ್ಯೆಯನ್ನು ಅವಳು ಬಳಸಿದ್ದು ತನ್ನ ಮಾರ್ಕ್ಸನ್ನು ತಾನೇ ಕತ್ತರಿಸಿಕೊಳ್ಳಲು.

ಬೈಯಲೇ? ಭೇಷ್ ಅನ್ನಲೇ? ಬೈದರೆ, ಆ ಮನೆಯಲ್ಲಿ ಇರಬೇಕಾದವಳು ಅವಳು, ನಾನಲ್ಲ. ಭೇಷ್ ಅಂದರೆ ನಾನು ಟೀಚರೇ ಅಲ್ಲ.

ಅಷ್ಟರಲ್ಲಿ ಫೋನು ಪ್ರಜ್ವಲ್ ಕೈಗೆ ಹೋಯಿತು.

"ಮೇಡಂ, ಇವ್ಳು ಈಗ ಹೇಳ್ತಾವ್ಳೆ. ನಂಗೆ ಗೊತ್ತೇ ಇರ್ಲಿಲ್ಲ. ಅಪ್ಪಂಗೆ ಹೇಳ್ಬಿಡ್ಲಾ?"

ಹಿಂದೆ ಭವ್ಯಳ ದನಿ. "ಬ್ಯಾಡ ಅಣ್ಣ! ಸೆಕೆಂಡ್ ಇಯರ್ ಅಡ್ಮಿಷನ್ ಆಗ್ಲಿ ಮೊದ್ಲು."

"ಹೇಳ್ರಿ ಮೇಡಂ, ಏನ್ಮಾಡ್ಲಿ?"

ಸ್ಟೂಡೆಂಟ್ ಕೇಳಿದ ಪ್ರಶ್ನೆಗೆ ಉತ್ತರ ಕೊಡಬಾರದು, ಅವರೇ ಕಂಡುಕೊಳ್ಳಬೇಕು ಅಂತ ಊರೆಲ್ಲ ಹೇಳಿಕೊಂಡು ತಿರುಗುವವಳು ನಾನು. ಅವತ್ತು ಉತ್ತರ ಕೊಡಬೇಕು ಅಂತ ಜೀವ ಬಡಕೊಳ್ಳುತ್ತಿತ್ತು. ಕೊಟ್ಟಿದ್ದು ಮಾತ್ರ ಭವ್ಯಳ ಉತ್ತರವನ್ನೇ.

"ಅವಳು ಹೇಳಿದ ಹಾಗೆ ಮಾಡಪ್ಪ" ಅಂದೆ. ಕೊನೆಗೆ ಫೋನು ಅವಳ ಕೈಗೆ ಕೊಡಿಸಿ ಅವಳನ್ನೇ ಕೇಳಿದೆ. "ಮುಂದಿನ ವರ್ಷ ಬೋರ್ಡ್ ಎಕ್ಸಾಮು ಭವ್ಯಾ. ಆ ಮಾರ್ಕ್ಸಿನ ಮೇಲೇ ನಿನ್ನ ಮುಂದಿನದೆಲ್ಲ. ಆಗಲೂ ಬಿಟ್ಟು ಬರ್ತೀಯಾ?"

"ಅವ್ವಂಗೆ ಫೋನ್ ಬೇಕಂತೆ ಮೇಡಂ, ಇಡ್ತೀನಿ."

ಮನೆಗೆ ಹೋಗಿ ವೀರಣ್ಣನವರ ಎದುರು ಕೂತು ಮಾತಾಡಲೇ ಅಂತ ಯೋಚಿಸಿದೆ. ಏನಂತ ಮಾತಾಡಲಿ? ನಿಮ್ಮ ಮಗಳು ಬೇಕಂತಲೇ ಕಡಿಮೆ ಬರೆದಿದ್ದಾಳೆ ಅಂದರೆ ಅಡ್ಮಿಷನ್‌ಗೇ ಕಲ್ಲು ಬೀಳಬಹುದು. ಸುಮ್ಮನಿದ್ದರೆ ಅವಳು ಮುಂದಿನ ವರ್ಷವೂ ಇದೇ ಲೆಕ್ಕ ಮಾಡಬಹುದು. ಚಪ್ಪಲಿ ಹಾಕಿಕೊಂಡೆ, ತೆಗೆದೆ. ಹೋಗಲಿಲ್ಲ.

ನೀವು ಕೇಳಬಹುದು, ಈ ಕಾಲದಲ್ಲೂ ಹೀಗುಂಟೇ ಅಂತ. ಹೆಣ್ಣುಮಕ್ಕಳೇ ಮುಂದೆ ಅಂತ ಪ್ರತಿ ವರ್ಷ ರಿಸಲ್ಟ್ ದಿನ ಪೇಪರಿನಲ್ಲಿ ಹೆಡ್ಡಿಂಗ್ ಬರುವುದಿಲ್ಲವಾ? ಬರುತ್ತದೆ. ಅದನ್ನು ಓದಿ ನಾವೆಲ್ಲ ಹೆಮ್ಮೆಪಡುತ್ತೇವೆ. ಮುಂದೆ ಹೋಗುವುದು ಪಕ್ಕದ ಮನೆ ಹುಡುಗಿ ಆಗಿದ್ದರೆ ಸರಿ, ಹಿಂದೆ ಉಳಿದವನು ನಮ್ಮನೆ ಹುಡುಗ ಆಗಿರದಿದ್ದರೆ ಇನ್ನೂ ಸರಿ. ಬಿಟ್ಟು ಬಂದ ಪ್ರಶ್ನೆಗಳನ್ನು ಯಾವ ಪೇಪರಿನವರೂ ಎಣಿಸುವುದಿಲ್ಲ. ಬರದೇ ಬಿಟ್ಟಿದ್ದೋ, ಬಂದೂ ಬಿಟ್ಟಿದ್ದೋ ಅಂತ ವ್ಯಾಲ್ಯುಯೇಷನ್ ಮಾಡುವವರಿಗೆ ಹೇಗೆ ಗೊತ್ತಾಗಬೇಕು? ಖಾಲಿ ಜಾಗ ಅಂದರೆ ಖಾಲಿ ಜಾಗ.

ಅದೇ ದಿನ ಸಂಜೆ ವೀರಣ್ಣನವರ ವಾಟ್ಸಾಪ್ ಬಂತು. ಒಂದು ಫೋಟೋ. ಅವರು ಮಗನ ಬಾಯಿಗೆ ಪೇಡಾ ಇಡುತ್ತಿದ್ದಾರೆ. ಪ್ರಜ್ವಲ್ ಬಾಯಿ ತೆರೆದಿದ್ದಾನೆ, ಕಣ್ಣು ಮಾತ್ರ ಕ್ಯಾಮೆರಾ ಕಡೆ ಇಲ್ಲ. ಪೇಡಾದ ತಟ್ಟೆ ಹಿಡಿದು ನಿಂತವಳು ಭವ್ಯ. ಕೆಳಗೆ ವಾಯ್ಸ್ ಮೆಸೇಜು.

"ಮೇಡಮ್ಮೋರೆ, ಹುಡುಗ ಗೆದ್ದ ನೋಡ್ರಿ. ತಂಗಿಗಿಂತ ಮುಂದೆ ಬಂದವ್ನೆ. ಎಲ್ಲಾ ಆ ಕೋಚಿಂಗ್‌ನೋರ ಪುಣ್ಯ. ನೀವೂ ಮೊದ್ಲು ಕಷ್ಟಪಟ್ಟಿದ್ರಿ, ಮರೆತಿಲ್ಲ. ನಿಮ್ಮ ಕಡೆಯಿಂದ್ಲೂ ಒಂದು ಕಂಗ್ರಾಟ್ಸ್ ಕಳಿಸ್ರಿ, ಅವನಿಗೆ ತೋರಿಸ್ತೀನಿ."

'ಕಂಗ್ರಾಟ್ಸ್' ಅಂತ ಟೈಪ್ ಮಾಡಿ ಇನ್ನೂ ಕೂತಿದ್ದೇನೆ. ಮುಂದೆ ಯಾರ ಹೆಸರು ಹಾಕಲಿ, ನೀವೇ ಹೇಳಿ?